ಗೋಡೆ ನುಂಗಿದ ಕೈಗಳು

ನನ್ನ ಅಂಗಿಯ ಎಡಜೇಬಿನಲ್ಲಿ ಯಾವಾಗಲೂ ಒಂದು ಟೇಪು ಇರುತ್ತದೆ. ದರ್ಜಿಗಳು ಕೊರಳಿಗೆ ಹಾಕಿಕೊಳ್ಳುತ್ತಾರಲ್ಲ, ಅಂಥದ್ದು. ಒಂದು ಕಾಲಕ್ಕೆ ಹಳದಿಯಾಗಿತ್ತು, ಈಗ ಯಾವ ಬಣ್ಣ ಎಂದು ನೀವೇ ನೋಡಿ ಹೇಳಬೇಕು. ಮೂವತ್ತು ಚಿಲ್ಲರೆ ವರ್ಷ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತನಾದ ದಿನ ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಸೀಟಿಯನ್ನೂ ಸ್ಟಾಕ್ ರೂಮಿನ ಬೀಗದ ಕೈಯನ್ನೂ ವಾಪಸು ತೆಗೆದುಕೊಂಡರು. ಟೇಪು ಕೇಳುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ. ಅಂದಿನಿಂದ ಅದು ನನ್ನ ಪಿಂಚಣಿಯ ಒಂದು ಭಾಗ.

ಅಳೆಯುವುದು ಒಂದು ಚಟ. ಆನವಟ್ಟಿಯಿಂದ ಶಿಕಾರಿಪುರಕ್ಕೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿಗೂ ನನ್ನ ಮೊಣಕಾಲಿಗೂ ಎಷ್ಟು ಜಾಗವಿದೆ ಎಂದು ಅಳೆದಿದ್ದೇನೆ. ನಮ್ಮ ಮನೆಯವಳು ಸರೋಜ ತಟ್ಟಿದ ರೊಟ್ಟಿಯ ಅಗಲ ಅಳೆದು ಬೈಸಿಕೊಂಡಿದ್ದೇನೆ. ಪ್ರತಿ ಯುಗಾದಿಗೆ ತಪ್ಪದೆ ನನ್ನ ಹೊಟ್ಟೆಯನ್ನು ಅಳೆಯುತ್ತೇನೆ. ನಾನು ತಯಾರು ಮಾಡಿದ ಆಟಗಾರರಲ್ಲಿ ಅದೊಂದೇ ಯಾವ ವರ್ಷವೂ ಹಿಂದೆ ಬಿದ್ದಿಲ್ಲ. "ನಿಮ್ಮನ್ನ ಹೊರಗೆ ಮಲಗಿಸೋ ದಿನ ಆ ಟೇಪು ಜೇಬಿಂದ ತೆಗೆಯಕ್ಕೆ ನಾನೇ ನೆನಪಿಟ್ಕಳ್ಬೇಕು" ಎನ್ನುತ್ತಾಳೆ ಸರೋಜ. ತಮಾಷೆಗೇ ಹೇಳುತ್ತಾಳೆ. ಆದರೆ ಹೋದ ವರ್ಷದಿಂದ ಆ ಮಾತು ಕೇಳಿದರೆ ನನಗೆ ನಗು ಬರುವುದಿಲ್ಲ.

ವಿಚಿತ್ರ ಏನೆಂದರೆ, ನಾನು ಹುಟ್ಟಿದ್ದು ಅಳತೆಗೆ ಹೆದರುವ ಮನೆಯಲ್ಲಿ. ಕುಪ್ಪಗಡ್ಡೆಯ ಹತ್ತಿರ ನಮ್ಮ ಕಣವಿತ್ತು. ಭತ್ತ ತೂರಿ ರಾಶಿ ಮಾಡಿದ ಮೇಲೆ ಅಜ್ಜ ರಾಶಿಯ ಸುತ್ತ ಬೂದಿಯ ಗೆರೆ ಎಳೆಯುತ್ತಿದ್ದ. ಗೆರೆಯ ಒಳಗೆ ಚಪ್ಪಲಿ ಇಲ್ಲ, ಮಾತಿಲ್ಲ. ದಿನವಿಡೀ ಬಾಯ್ತುಂಬ ಬೈದಾಡುತ್ತಿದ್ದ ಗಂಡಸರು ಆ ಗೆರೆ ದಾಟಿದ ಕೂಡಲೇ ಗುರುತಿಲ್ಲದವರಂತೆ ಆಗಿಬಿಡುತ್ತಿದ್ದರು. ಅಜ್ಜ ಕೊಳಗ ತುಂಬಿ ಸುರಿಯುವಾಗ ಮೊದಲನೆಯದಕ್ಕೆ "ಒಂದು" ಅನ್ನುತ್ತಿರಲಿಲ್ಲ, "ಲಾಭ" ಅನ್ನುತ್ತಿದ್ದ. ಆಮೇಲೆ ಎರಡು, ಮೂರು, ಅದೂ ತುಟಿಯೊಳಗೇ. ಯಾಕಜ್ಜ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ರಾಶಿ ಸುತ್ತ ಕೇಳಿಸ್ಕಳೋವು ಇರ್ತವೆ ಮಗ" ಎಂದಿದ್ದ. ಯಾರು ಎಂದು ಹೇಳಲಿಲ್ಲ. ನಾನು ಸುತ್ತ ನೋಡಿದೆ. ಮೆದೆ ಇತ್ತು, ಎತ್ತು ಇತ್ತು, ಬಯಲಿತ್ತು. ಯಾರೂ ಇರಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

ಏಳನೇ ವಯಸ್ಸಿನಲ್ಲಿ ನಾನು ಬುದ್ಧಿವಂತನಾದೆ. ಹೊಸದಾಗಿ ಮಗ್ಗಿ ಕಲಿತ ಹುರುಪಿನಲ್ಲಿ, ಅಜ್ಜ ಮೊದಲ ಕೊಳಗ ಎತ್ತಿದ್ದೇ ಗೆರೆಯ ಹೊರಗೆ ನಿಂತು "ಒಂದು!" ಎಂದು ಕೂಗಿದೆ. ಕಣದಲ್ಲಿದ್ದವರೆಲ್ಲ ನಿಂತಲ್ಲೇ ನಿಂತರು. ಅಜ್ಜ ಹೊಡೆಯಲಿಲ್ಲ, ಬೈಯಲಿಲ್ಲ, ನನ್ನನ್ನು ಒಮ್ಮೆ ನೋಡಿ ಮತ್ತೆ ಅಳೆಯತೊಡಗಿದ. ಆ ವರ್ಷ ಭತ್ತ ಅಂದಾಜಿಗಿಂತ ಕಡಿಮೆ ಬಂತು. ಹುಳ ಬಿದ್ದಿತ್ತು ಎಂದು ಈಗ ಗೊತ್ತು. ಆದರೆ ಒಂದು ತಿಂಗಳು ಅಜ್ಜಿ ನನಗೆ ಅನ್ನ ಬಡಿಸುವಾಗ ಮುಖ ನೋಡಲಿಲ್ಲ. ಇನ್ನೊಂದು ಸಲ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು, ನನ್ನ ಎತ್ತರಕ್ಕೆ ಇದ್ದಲಿನಿಂದ ಗೆರೆ ಹಾಕಿಕೊಂಡಿದ್ದೆ. ದೊಡ್ಡಮ್ಮ ಒದ್ದೆ ಬಟ್ಟೆ ತಂದು ಒರೆಸಿದಳು. "ಬೆಳೆಯೋ ಮಕ್ಕಳನ್ನ ಅಳೀಬಾರ್ದು ಕಣೋ. ಅಳೆಯೋದು ಸತ್ತೋರನ್ನ" ಎಂದಳು. ಕುಣಿ ತೋಡುವವರು ಹಗ್ಗ ಹಿಡಿದು ಹೆಣದ ಉದ್ದ ಅಳೆದುಕೊಂಡು ಹೋಗುವುದನ್ನು ನಾನು ಆಗಲೇ ನೋಡಿದ್ದೆ.

ಇಂಥ ಮನೆಯಿಂದ ಬಂದವನು ಟೇಪು ಹಿಡಿದು ಮಕ್ಕಳನ್ನು ಅಳೆಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡೆ. ದೊಡ್ಡಮ್ಮನ ಮೇಲಿನ ಸೇಡೇ ಇರಬೇಕು.

ಮೊದಲ ನೌಕರಿ ಅಂಜನಾಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ. ಶಾಲೆಯ ಹಿಂದೆ, ಕಾಲುವೆಯ ಪಕ್ಕ, ಪಾಳು ಬಿದ್ದ ಒಂದು ಭತ್ತದ ಗೋದಾಮು ಇತ್ತು. ಅದರ ಒಂದು ಗೋಡೆಗೆ ಕಿಟಕಿಯಿಲ್ಲ, ಬಾಗಿಲಿಲ್ಲ. ಮೇಲೆ ತಗಡಿನ ಸೂರು ಮುಂದಕ್ಕೆ ಚಾಚಿಕೊಂಡಿದ್ದರಿಂದ ಮಳೆ ತಾಗುತ್ತಿರಲಿಲ್ಲ. ವಾಲಿಬಾಲ್ ಹುಡುಗರು ಎಷ್ಟು ಹಾರುತ್ತಾರೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಗೋಡೆ ಬೇಕೆ? ತೆಂಗಿನ ಚಿಪ್ಪಿನಲ್ಲಿ ಕಲಸಿದ ಸುಣ್ಣ. ಬೆರಳು ಅದ್ದಿ, ನಿಂತ ಹಾಗೇ ಕೈ ಎತ್ತಿ ಗೋಡೆಗೆ ಒತ್ತಬೇಕು, ಅದು ನಿಂತ ಗುರುತು. ಮತ್ತೆ ಅದ್ದಿ, ಹಾರಿ ಬಡಿಯಬೇಕು, ಅದು ಹಾರಿದ ಗುರುತು. ಎರಡರ ನಡುವಿನ ಅಂತರ ಆ ಹುಡುಗನ ಕಾಲಿನ ಸತ್ಯ. ಪಂದ್ಯಗಳು ಮುಗಿದ ಬಿಡುವಿನ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಹೀಗೆ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದೆ. "ಪಂದ್ಯದ ದಿನ ಆಡೋದು ನೀವಲ್ಲ, ಬ್ಯಾಸಿಗೇಲಿ ನೀವು ಹಾಕಿದ ಬೆವರು" ಎಂದು ಭಾಷಣವನ್ನೂ ಬಿಗಿಯುತ್ತಿದ್ದೆ.

ಆ ಗೋಡೆಯ ರಾಜ ಮಾಲತೇಶ. ಕುರಿ ಸಾಕುವ ಮನೆಯ ಹುಡುಗ, ಒಂಬತ್ತನೇ ಕ್ಲಾಸು. ಕುಳ್ಳನಾದರೂ ಹಾರಿದರೆ ಸೂರಿನ ತಗಡಿಗೆ ಕೈ ತಾಗುತ್ತದೇನೋ ಅನ್ನಿಸುತ್ತಿತ್ತು. ಭತ್ತ ಕೊಯ್ಯುವಾಗ ಕುಡುಗೋಲು ತಾಗಿ ಅವನ ಬಲಗೈಯ ಉಂಗುರದ ಬೆರಳು ತುದಿಯಲ್ಲಿ ತುಂಡಾಗಿತ್ತು. ಗೋಡೆಯ ಮೇಲೆ ಮೂರು ಬೆರಳು ಉದ್ದ, ಒಂದು ಗಿಡ್ಡ. ಯಾರ ಗುರುತು ಯಾವುದು ಎಂದು ಪಕ್ಕದಲ್ಲಿ ಹೆಸರು ಬರೆಯಿರಿ ಎಂದರೆ, "ನಂದಕ್ಕೆ ಹೆಸರು ಯಾಕೆ ಸಾರ್, ಕೈ ನೋಡಿದ್ರೆ ಗೊತ್ತಾಗಲ್ಲನು?" ಎಂದು ನಗುತ್ತಿದ್ದ.

ನನಗೆ ಆನವಟ್ಟಿ ಕಡೆಗೆ ವರ್ಗವಾಯಿತು. ಮಾಲತೇಶ ಹತ್ತೊಂಬತ್ತಕ್ಕೆ ಮಿಲಿಟರಿ ಭರ್ತಿಗೆ ಹೋಗಿ ದೇಹ ಪರೀಕ್ಷೆಯಲ್ಲಿ ಪಾಸಾದ ಎಂದು ಸುದ್ದಿ ಬಂತು. ಅದೇ ವಾರ, ಮೂರೇ ದಿನದ ಜ್ವರದಲ್ಲಿ ಸತ್ತ ಎಂದೂ ಬಂತು. ನಾನು ಮಣ್ಣಿಗೆ ಹೋಗಲಿಲ್ಲ. ಯಾರಾದರೂ ಕೇಳಿದರೆ ಬಸ್ಸು ಸಿಗಲಿಲ್ಲ ಎನ್ನುತ್ತಿದ್ದೆ. ಬಸ್ಸು ಇತ್ತು.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಶಿಕಾರಿಪುರದಲ್ಲಿ ಹುಡುಗಿಯರ ವಾಲಿಬಾಲ್ ಪಂದ್ಯ ನೋಡುತ್ತಾ ಕೂತಿದ್ದೆ. ಹದಿನಾಲ್ಕರ ಒಬ್ಬಳು ಹುಡುಗಿ, ಉದ್ದ ಕೈ, ಒಳ್ಳೆ ಹೊಡೆತ. ಆದರೆ ಹಾರುವುದು ಸಾಲದೆ ಬಾಲು ಪ್ರತಿ ಸಲ ನೆಟ್ಟಿಗೆ ಸಿಕ್ಕಿಕೊಳ್ಳುತ್ತಿತ್ತು. ಹೆಸರು ಸಿಂಚನ. ಯಾರ ಮನೆ ಎಂದು ಕೇಳಿದೆ. ಮಾಲತೇಶನ ತಮ್ಮನ ಮಗಳು. ಅಪ್ಪ ಅಮ್ಮ ಕುರಿ ಮಂದೆಯ ಹಿಂದೆ ಬೇಸಿಗೆಯೆಲ್ಲ ಊರೂರು ತಿರುಗುತ್ತಾರೆ, ಅವಳು ಅಜ್ಜಿಯ, ಅಂದರೆ ಮಾಲತೇಶನ ತಾಯಿ ಗುತ್ಯಮ್ಮನ, ಹತ್ತಿರ ಇರುತ್ತಾಳೆ. ಶಾಲೆ ಶುರುವಾಗುವ ಹೊತ್ತಿಗೆ ಕ್ರೀಡಾ ಹಾಸ್ಟೆಲ್ಲಿಗೆ ಆಯ್ಕೆ ನಡೆಯುವುದಿತ್ತು. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಅದೇ ಕೊನೆಯ ಅವಕಾಶ. "ಈ ಸಲ ಆಗ್ಲಿಲ್ಲಂದ್ರೆ ಬಾಲ್ ಬಿಟ್ಟು ಮಂದೆ ಜೊತಿಗೆ ಬಾ ಅಂದಾನ ಸಾರ್ ಅಪ್ಪ" ಎಂದಳು. ಇನ್ನು ನನ್ನ ಟೇಪು ಜೇಬಿನಲ್ಲಿ ಸುಮ್ಮನಿರುತ್ತದೆಯೆ?

ಅವರ ಮನೆಯ ಹತ್ತಿರದ ಅದೇ ಗೋದಾಮಿನ ಗೋಡೆಗೆ ಹೋದೆವು. ಮಾಲತೇಶನ ಗುರುತು ಇದೆಯೇ ಎಂದು ಮೊದಲು ಹುಡುಕಿದೆ. ಏನೂ ಇರಲಿಲ್ಲ. ಗೋಡೆ ಪೂರ್ತಿ ಸಗಣಿ ಬಣ್ಣಕ್ಕೆ ತಿರುಗಿತ್ತು. ಕೆಳಭಾಗದಲ್ಲಿ ಗುತ್ಯಮ್ಮ ಕುಳ್ಳು ತಟ್ಟಿದ್ದರು. ಮೂಲೆಯಲ್ಲಿ ತುದಿಗೆ ಅರಿವೆ ಸುತ್ತಿದ ಉದ್ದನೆಯ ಬಿದಿರಿನ ಗಳ ಒರಗಿತ್ತು, ಜೇಡರ ಬಲೆ ತೆಗೆಯುವುದಕ್ಕಿರಬೇಕು ಎಂದುಕೊಂಡೆ. ಗುತ್ಯಮ್ಮ ನನ್ನನ್ನು ನೋಡಿ "ಬಂದ್ರ ಮೇಷ್ಟ್ರೆ" ಎಂದರು, ಅಷ್ಟೇ. ನನ್ನ ಮುಖಕ್ಕಿಂತ ಜೇಬನ್ನೇ ಹೆಚ್ಚು ನೋಡಿದರು.

ಸಿಂಚನಳಿಗೆ ಕಾರ್ಯಕ್ರಮ ಹಾಕಿಕೊಟ್ಟೆ. ಹಗ್ಗದಾಟ, ಅಕ್ಕಿ ಚೀಲ ಹೊತ್ತು ಕೂತೇಳುವುದು, ಅಂಜನಾಪುರ ಡ್ಯಾಮಿನ ಏರಿ ಹತ್ತಿ ಇಳಿಯುವುದು. ಪ್ರತಿ ಭಾನುವಾರ ಬೆಳಗ್ಗೆ, ಮೈ ದಣಿಯುವ ಮೊದಲು, ಸುಣ್ಣ ಅದ್ದಿ ಮೂರು ಸಲ ಹಾರಬೇಕು. ಅವಳು ಹಾರಿ, ಆಡು ಮೇಯಲು ಬಿಟ್ಟು ಬರುವ ಹೊತ್ತಿಗೆ ನಾನು ಹತ್ತರ ಬಸ್ಸಿಗೆ ಇಳಿದು, ಖಾಲಿ ಡ್ರಮ್ಮಿನ ಮೇಲೆ ಹತ್ತಿ ಅಳೆಯುತ್ತಿದ್ದೆ. ಮೊದಲ ವಾರ ಮೂವತ್ತೆಂಟು ಸೆಂಟಿಮೀಟರು. ಆಯ್ಕೆಯಾಗಬೇಕಾದರೆ ನಲವತ್ತೈದಾದರೂ ಬೇಕು ಎಂದು ನನ್ನ ಅಂದಾಜು.

ಮೂರನೇ ವಾರ ಮೂವತ್ತೆಂಟು. ಆರನೇ ವಾರವೂ ಮೂವತ್ತೆಂಟು. ಎಂಟನೇ ವಾರ ಮೂವತ್ತೇಳು.

ಟೇಪಿಗೇ ವಯಸ್ಸಾಗಿರಬೇಕು ಎಂದು ಸರೋಜಳ ಹೊಲಿಗೆ ಟೇಪಿನ ಪಕ್ಕ ಇಟ್ಟು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹುಡುಗಿ ಮೈಗಳ್ಳಿಯೇ? ಅದೂ ಅಲ್ಲ. ಡ್ಯಾಮಿನ ಏರಿಯನ್ನು ಅವಳು ಮೊದಲು ಹತ್ತುತ್ತಿದ್ದ ಅರ್ಧ ಹೊತ್ತಿನಲ್ಲಿ ಹತ್ತುತ್ತಿದ್ದಳು. ಮೀನಖಂಡ ಗಟ್ಟಿಯಾಗಿತ್ತು. ಮೈದಾನದಲ್ಲಿ ಹೊಡೆದ ಬಾಲು ನೆಟ್ಟು ದಾಟಿ ಆಚೆ ನೆಲಕ್ಕೆ ಬಡಿಯುತ್ತಿತ್ತು. ಮೈಯೆಲ್ಲ ಬೆಳೆಯುತ್ತಿದೆ, ಗೋಡೆಯ ಮೇಲೆ ಮಾತ್ರ ಬೆಳೆಯುತ್ತಿಲ್ಲ. ನನ್ನ ಇಷ್ಟು ವರ್ಷದ ಪುಸ್ತಕದಲ್ಲಿ ಇಂಥದೊಂದು ಪುಟ ಇರಲಿಲ್ಲ.

ಆ ದಿನ ಸಿಂಚನ ಬಸ್ ಸ್ಟಾಪಿನ ತನಕ ಜೊತೆಗೆ ಬಂದಳು.

"ಸಾರ್, ಒಂದು ಮಾತು ಹೇಳ್ತೀನಿ, ಬೈಬಾರ್ದು."

"ಹೇಳು ಮಾರಾಯ್ತಿ."

"ಗೋಡೆ ನುಂಗ್ತತಿ ಸಾರ್."

"ಎಂತದನ್ನ?"

"ನನ್ನ ಕೈನ. ಬೆಳಿಗ್ಗೆ ಹಾರಿದಾಗ ಮ್ಯಾಲೆ ಬಿದ್ದಿರ್ತತಿ, ನಾನೇ ನೋಡೀನಿ. ಆಡು ಬಿಟ್ಟು ಬರಾದ್ರೊಳಗೆ ಇರಲ್ಲ. ಕೆಳಗಿಂದು ಅಷ್ಟೇ ಉಳಿದಿರ್ತತಿ. ಮೊದಲನೇ ವಾರ ನನ್ ಭ್ರಮೆ ಅನ್ಕಂಡೆ. ಈಗ ಪ್ರತಿ ವಾರ ಸಾರ್."

ನಕ್ಕೆ. ಕಣ್ಣಿನ ಭ್ರಮೆ, ಬೆಳಗಿನ ಮಬ್ಬು ಎಂದು ಏನೇನೋ ವಿಜ್ಞಾನ ಹೇಳಿದೆ. ಅವಳು ತಲೆಯಾಡಿಸಿದಳು, ಒಪ್ಪಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ನನ್ನ ತೋಳಿನ ರೋಮ ಎದ್ದು ನಿಂತಿದ್ದು ಕಂಡಿತು. ನಾನು ಬಂದು ಅಳೆಯುವ ಮೊದಲೇ ಏನೋ ಬಂದು ಅಳೆದುಕೊಂಡು ಹೋಗುತ್ತಿದೆ. ಕೇಳಿಸಿಕೊಳ್ಳುವವು ಇರುತ್ತವೆ ಎಂದ ಅಜ್ಜ ನೆನಪಾದ. ಮಗ್ಗಿ ಕಲಿತ ಹುರುಪಿನಲ್ಲಿ "ಒಂದು" ಎಂದು ಕೂಗಿದ ನನ್ನ ದನಿಯೂ ನೆನಪಾಯಿತು.

ಮುಂದಿನ ಭಾನುವಾರಕ್ಕೆ ತೀರ್ಮಾನ ಮಾಡಿದ್ದೆ. ಆಯ್ಕೆಗೆ ಹೋಗಿ ಎಲ್ಲರೆದುರು ಅವಮಾನ ಆಗುವುದು ಬೇಡ, ಬಿಟ್ಟುಬಿಡು ಎಂದು ಹೇಳಿಬಿಡುವುದು. ಹಿಂದಿನ ಸಂಜೆ ಭರಣಿ ಮಳೆ ಗಾಳಿ ಸಮೇತ ಬಂದು ಹೋಗಿತ್ತು. ನಾನು ಹೋಗಿ ನೋಡಿದರೆ ಗೋದಾಮಿನ ಸೂರಿನ ತಗಡು ಹಾರಿ ಕಾಲುವೆಯಲ್ಲಿ ಬಿದ್ದಿತ್ತು. ಗೋಡೆ ಎಷ್ಟೋ ವರ್ಷದ ಮೇಲೆ ಮೊದಲ ಸಲ ನೆನೆದು ಕರ್ರಗಾಗಿತ್ತು. ಕೆಳಗಿನ ಕುಳ್ಳೂ ಗೋಡೆಯ ಸಗಣಿ ಬಣ್ಣವೂ ಕರಗಿ ನೆಲಕ್ಕೆ ಇಳಿದಿದ್ದವು. ನೆಲ ಜಾರುತ್ತಿದ್ದುದರಿಂದ ಸಿಂಚನ ಅವತ್ತು ಹಾರಿರಲಿಲ್ಲ, ನನಗಾಗಿ ಕಾಯುತ್ತಿದ್ದಳು. ಹೇಳಬೇಕಾದ ಮಾತನ್ನು ಆಮೇಲೆ ಹೇಳೋಣ ಎಂದು ನಾನೂ ಗೋಡೆ ನೋಡುತ್ತಾ ನಿಂತೆ.

ಹನ್ನೊಂದರ ಹೊತ್ತಿಗೆ ಬಿಸಿಲು ಚುರುಕಾಯಿತು. ಗೋಡೆ ಆರತೊಡಗಿತು.

ಸುಣ್ಣ ಒದ್ದೆಯಾಗಿದ್ದಾಗ ಕಾಣುವುದಿಲ್ಲ, ಆರಿದಂತೆ ಬೆಳ್ಳಗಾಗುತ್ತದೆ. ಇದು ಗೊತ್ತಿರುವ ಸಂಗತಿಯೇ. ಆದರೆ ಕಣ್ಣೆದುರಿಗೆ ಆಗುವಾಗ ಗೊತ್ತಿರುವುದು ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ನಾನು ಅಳೆದು ಬರೆದಿದ್ದ ಗುರುತಿಗಿಂತ ಎರಡು ಬೆರಳು ಮೇಲೆ ಮೊದಲು ಒಂದು ಮಸುಕು ಕಂಡಿತು. ಮಸುಕು ಬೆರಳಾಯಿತು, ಬೆರಳು ಕೈಯಾಯಿತು. ಅದರ ಮೇಲೆ ಇನ್ನೊಂದು, ಮತ್ತೊಂದು. ಒಳಗಿನಿಂದ ಯಾರೋ ಕೈ ಒತ್ತಿ ಹೊರಗೆ ಬರಲು ನೋಡುತ್ತಿದ್ದಾರೆ ಅನ್ನಿಸಿತು. ಎಲ್ಲವೂ ಸಿಂಚನಳ ಉದ್ದನೆಯ ತೆಳ್ಳಗಿನ ಬೆರಳುಗಳೇ, ವಾರದಿಂದ ವಾರಕ್ಕೆ ಮೇಲೆ ಹತ್ತಿದ್ದವು. ಕೊನೆಗೆ ಎಲ್ಲಕ್ಕಿಂತ ಎತ್ತರದಲ್ಲಿ, ಒಂದೇ ಒಂದು, ಬಹಳ ನಿಧಾನವಾಗಿ ಬೆಳ್ಳಗಾಯಿತು.

ಮೂರು ಬೆರಳು ಉದ್ದ, ಒಂದು ಗಿಡ್ಡ.

ಸಿಂಚನ ನನ್ನ ಅಂಗಿಯನ್ನು ಹಿಂದಿನಿಂದ ಹಿಡಿದುಕೊಂಡಳು. "ಆ ಮ್ಯಾಲಿಂದು ನಂದಲ್ಲ ಸಾರ್" ಎಂದಳು.

ಹಿಂದೆ ಸಪ್ಪಳವಾಯಿತು. ಗುತ್ಯಮ್ಮ ನಿಂತಿದ್ದರು. ಒಂದು ಕೈಯಲ್ಲಿ ಸಗಣಿ ಬಗ್ಗಡದ ಬಕೆಟ್ಟು, ಇನ್ನೊಂದರಲ್ಲಿ ಅರಿವೆ ಸುತ್ತಿದ ಆ ಬಿದಿರಿನ ಗಳ. ಗೋಡೆ ನೋಡಿದ್ದೇ ಬಕೆಟ್ಟನ್ನು ಕೆಳಗಿಟ್ಟು, ಅಲ್ಲೇ ಕುಕ್ಕರಿಸಿ ಕೂತರು.

"ನೀನಾ ಅಜ್ಜಿ?" ಸಿಂಚನಳ ದನಿ ಅಳುವಿಗೂ ಸಿಟ್ಟಿಗೂ ನಡುವೆ ಇತ್ತು. "ಪ್ರತಿ ವಾರ ನೀನು ಬಳೀತಿದ್ದೇನು?"

"ಹೂಂ, ನಾನೇ."

"ಯಾಕವ್ವ?" ಎಂದೆ ನಾನು.

ಗುತ್ಯಮ್ಮ ನನ್ನ ಕಡೆ ನೋಡಲಿಲ್ಲ. ಮೇಲಿನ ಕೈಯನ್ನೇ ನೋಡುತ್ತಾ ಹೇಳಿದರು. "ನನ್ ಮಗನ್ನ ನೀವೊಂದ್ಸಲ ಅಳದ್ರಿ ಮೇಷ್ಟ್ರೆ. ಮಿಲ್ಟ್ರಿಯೋರು ಒಂದ್ಸಲ ಅಳದ್ರು. ಎದಿ ಇಷ್ಟಂತವ್ವ, ಎತ್ರ ಇಷ್ಟಂತವ್ವ ಅಂತ ಊರ ತುಂಬ ಹೇಳ್ಕಂತ ಬಂದ. ಮೂರು ದಿನಕ್ಕೆ ಕುಣಿ ತೋಡೋರು ಹಗ್ಗ ತಂದು ಅಳದ್ರು."

ಕಾಲುವೆಯಲ್ಲಿ ಬಿದ್ದ ತಗಡಿಗೆ ನೀರು ಬಡಿಯುವುದು ಕೇಳಿಸುತ್ತಿತ್ತು.

"ಬಾಕಿಯೋರ್ದೆಲ್ಲ ಒರಸಿ ಹಾಕ್ದೆ, ಇವ್ನ ಕೈನ ಒರಸಾಕೆ ಮನಸಾಗ್ಲಿಲ್ರೀ. ಒರಸಿದ್ರೆ ಹೋಗೇಬಿಡ್ತಿತ್ತು. ಅದಕ್ಕೆ ಯಾರ ಕಣ್ಣಿಗೂ ಬೀಳ್ದಂಗೆ ಬಳಿದು ಮುಚ್ಚಿಟ್ಟೆ. ಈ ಹುಡುಗೀದೂ ಹಂಗೇ ಮಾಡಿದೆ. ಮ್ಯಾಲಿಂದು ಮುಚ್ಚಿ ಕೆಳಗಿಂದು ಬಿಟ್ಟೆ. ಕಡಿಮಿ ಬರೀರಿ, ಹುಡುಗಿ ಉಳೀಲಿ ಅಂತ."

ಈ ಗೋಡೆಯ ಮುಂದೆ ನಾನು ವಾರಕ್ಕೆ ಮೂರು ಭಾಷಣ ಮಾಡಿದವನು. ಜ್ವರಕ್ಕೂ ಅಳತೆಗೂ ಸಂಬಂಧವಿಲ್ಲ ಎಂದು ಹೇಳಬಹುದಿತ್ತು. ಅವರಿಗೂ ಅದು ಗೊತ್ತಿತ್ತು ಅಂತಲೇ ನನಗೆ ಅನ್ನಿಸುತ್ತದೆ. ಮಗ ಸತ್ತಾಗ ಬಸ್ಸಿದ್ದೂ ಬಾರದ ಮೇಷ್ಟ್ರು ಯಾವ ಬಾಯಲ್ಲಿ ವಿಜ್ಞಾನ ಹೇಳಬೇಕು? "ಅವತ್ತು ನಾನು ಬರಬೇಕಿತ್ತು ಗುತ್ಯಮ್ಮ. ತಪ್ಪಾಯ್ತು" ಎಂದಷ್ಟೇ ಹೇಳಿದೆ. ಹೇಳುವಾಗ ಅಳು ಬಂತು, ಅತ್ತೆ.

ಸಿಂಚನ ಹಾರದೆ ಬಿಡುವವಳಲ್ಲ ಎಂದು ಅವಳ ಮುಖದಲ್ಲೇ ಕಾಣುತ್ತಿತ್ತು. ಅಜ್ಜಿ ಒಪ್ಪದೆ ಹಾರುವವಳೂ ಅಲ್ಲ. ಆಗ ನನಗೆ ಹೊಳೆದದ್ದು ನಮ್ಮ ಕಣ. ಅಜ್ಜ ಇಡೀ ಜೀವಮಾನ ಅಳೆದ. ರಾಶಿ ಯಾವತ್ತೂ ಪೂರ್ತಿ ಮಾಯವಾಗಲಿಲ್ಲ. ಯಾಕೆಂದರೆ ಅವನಿಗೆ ಅಳೆಯುವ ರೀತಿ ಗೊತ್ತಿತ್ತು.

"ಒಲೆ ಬೂದಿ ಐತನವ್ವ?" ಎಂದು ಕೇಳಿದೆ. ಗುತ್ಯಮ್ಮ ಮೊದಲ ಸಲ ನನ್ನ ಮುಖ ನೋಡಿದರು. ಕಣದ ಹೆಂಗಸು, ವಿವರಿಸುವ ಅಗತ್ಯವೇ ಬರಲಿಲ್ಲ. ಎದ್ದು ಹೋಗಿ ಮೊರದಲ್ಲಿ ಬೂದಿ ತಂದು, ಗೋಡೆಯ ಮುಂದೆ ಅರ್ಧ ಚಂದ್ರದ ಹಾಗೆ ಗೆರೆ ಎಳೆದರು. ನಾನು ಚಪ್ಪಲಿ ಬಿಟ್ಟೆ. ಸಿಂಚನ ಶೂ ಕಳಚಿದಳು. ಯಾರೂ ಮಾತಾಡಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಒಬ್ಬ ಬೊಜ್ಜಿನ ಪಿಂಚಣಿದಾರ, ಒಬ್ಬ ಮುದುಕಿ, ಒಬ್ಬ ಹುಡುಗಿ ಬೂದಿ ಗೆರೆಯೊಳಗೆ ಉಸಿರು ಬಿಗಿಹಿಡಿದು ನಿಂತದ್ದನ್ನು ದಾರಿಹೋಕರು ಕಂಡಿದ್ದರೆ ನಕ್ಕಿರುತ್ತಿದ್ದರು. ನನಗೆ ಮಾತ್ರ ಗೆರೆಯ ಆಚೆ ಬಯಲು ಕಿವಿಗೊಟ್ಟು ನಿಂತಿದೆ ಅನ್ನಿಸುತ್ತಿತ್ತು.

ಸಿಂಚನ ಬೆರಳು ಅದ್ದಿ ಹಾರಿದಳು. ಗೋಡೆಗೆ ಕೈ ಬಡಿದ ಸದ್ದು ಗೋದಾಮಿನ ಒಳಗೆಲ್ಲ ಓಡಾಡಿ ಬಂತು. ತಲೆಯೆತ್ತಿ ನೋಡಿದೆ. ಅವಳ ಬೆರಳು ಮಾಲತೇಶನ ಬೆರಳುಗಳ ಮೇಲೇ ಬಿದ್ದಿದ್ದವು. ಗಿಡ್ಡ ಬೆರಳಿನ ಜಾಗದಲ್ಲಿ, ಅವನಿಗೆ ಇಲ್ಲದಿದ್ದ ಅಷ್ಟು ಉದ್ದಕ್ಕೆ, ಹಸಿ ಸುಣ್ಣ ಹನಿಯುತ್ತಿತ್ತು.

ಡ್ರಮ್ಮು ಹತ್ತಿ ಟೇಪು ಹಿಡಿದೆ, ಓದಿಕೊಂಡೆ, ಇಳಿದೆ. ಪುಸ್ತಕ ತೆಗೆಯಲಿಲ್ಲ.

"ಎಷ್ಟ್ರೀ ಮೇಷ್ಟ್ರೆ?" ಗುತ್ಯಮ್ಮ ಕೇಳಿದರು. ದನಿ ಇರಲೇ ಇಲ್ಲ, ತುಟಿ ಅಷ್ಟೇ ಆಡಿತು.

"ಲಾಭ" ಎಂದೆ.

ಗುತ್ಯಮ್ಮ ಮೊಮ್ಮಗಳನ್ನು ಬಾಚಿ ತಬ್ಬಿಕೊಂಡರು. ನಲವತ್ತೈದು ದಾಟಿತ್ತು ಎಂದಷ್ಟೇ ನಿಮಗೆ ಹೇಳಬಲ್ಲೆ, ಇದನ್ನೂ ಹೇಳಬಾರದಿತ್ತೇನೋ.

ಆಯ್ಕೆಯ ದಿನ ಅಲ್ಲಿಯವರಿಗೆ ಕಣದ ರೀತಿ ಗೊತ್ತೇ? ಮೈಕಿನಲ್ಲಿ ಹೆಸರು, ಎತ್ತರ, ತೂಕ, ಹಾರಿದ್ದು ಎಲ್ಲವನ್ನೂ ಊರಿಗೆ ಕೇಳಿಸುವಂತೆ ಕೂಗಿದರು. ಬೇಲಿಯಾಚೆ ಗುತ್ಯಮ್ಮ ಮುಷ್ಟಿಯಲ್ಲಿ ಬೂದಿ ಹಿಡಿದು ನಿಂತಿದ್ದರು. ಸಿಂಚನಳ ಸರದಿ ಬಂದಾಗ ನಾನೂ ಕಣ್ಣು ಮುಚ್ಚಿದೆ. ಆಯ್ಕೆಯಾದಳು. ಆಮೇಲೆ ಮೂರು ದಿನ ನನಗೆ ಅನ್ನ ರುಚಿಸಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಫೋನು ಮಾಡಿ, ಮೈ ಬಿಸಿ ಇದೆಯಾ, ಜ್ವರ ಗಿರ ಏನಾದರೂ ಇದೆಯಾ ಎಂದು ಕೇಳಿದೆ. "ಇಲ್ಲ ಸಾರ್, ಮಂಡಕ್ಕಿ ತಿನ್ನಾಕತ್ತೀನಿ" ಎಂದಳು. ಇಡೀ ಜನ್ಮದಲ್ಲಿ ಮಂಡಕ್ಕಿಯ ಸದ್ದು ಅಷ್ಟು ಇಂಪಾಗಿ ಕೇಳಿದ್ದು ಅದೇ ಮೊದಲು.

ಈಗ ಹಾಸ್ಟೆಲ್ಲಿನಿಂದ ಭಾನುವಾರಗಳಲ್ಲಿ ಫೋನು ಮಾಡುತ್ತಾಳೆ. ಈ ವಾರ ಎಷ್ಟು ಹಾರಿದೆ ಮಾರಾಯ್ತಿ ಎಂದರೆ "ಲಾಭ ಸಾರ್" ಎನ್ನುತ್ತಾಳೆ. ಮುಂದಕ್ಕೆ ನಾನು ಕೇಳುವುದಿಲ್ಲ.

ಈ ವರ್ಷವೂ ಭರಣಿ ಮಳೆ ಬಂತು. ಮರುದಿನ ಯಾಕೋ ತಡೆಯಲಾಗದೆ ಬಸ್ಸು ಹತ್ತಿ ಗೋದಾಮಿಗೆ ಹೋದೆ. ಸೂರಿಗೆ ಯಾರೂ ಹೊಸ ತಗಡು ಹಾಕಿರಲಿಲ್ಲ. ಬಿದಿರಿನ ಗಳ ಮೂಲೆಯಲ್ಲೇ ಇತ್ತು, ಅದರ ಅರಿವೆಯಲ್ಲಿ ಗುಬ್ಬಿ ಗೂಡು ಕಟ್ಟಲು ನೋಡುತ್ತಿತ್ತು. ಗೋಡೆ ಆರುತ್ತಿತ್ತು. ಕೈಗಳು ಒಂದೊಂದಾಗಿ ಬಂದವು, ಎಲ್ಲಕ್ಕಿಂತ ಮೇಲಿನದು ಕೊನೆಗೆ ಬಂತು. ಎರಡು ಕೈ ಸೇರಿ ಒಂದಾಗಿದ್ದವು, ಯಾರದು ಯಾವುದು ಎಂದು ನನಗೂ ಗೊತ್ತಾಗಲಿಲ್ಲ. ಆದರೆ ಅದು ಹೋದ ವರ್ಷ ನಾನು ಟೇಪು ಹಿಡಿದಾಗ ಇದ್ದುದಕ್ಕಿಂತ ಒಂದು ಬೆರಳು ಮೇಲೆ ಇದ್ದಂತೆ ಕಂಡಿತು. ಕಣ್ಣಿನ ದೋಷವಿರಬೇಕು, ಪೊರೆ ಬೇರೆ ಬಂದಿದೆ.

ಕೆಳಗೆ ಗುತ್ಯಮ್ಮ ಕುಳ್ಳು ತಟ್ಟುತ್ತಿದ್ದರು. ನನ್ನ ಕೈ ಎಡಜೇಬಿಗೆ ಹೋಯಿತು.

"ಮೇಷ್ಟ್ರೆ" ಎಂದರು ಅವರು, ತಿರುಗಿ ನೋಡದೆ.

ಟೇಪನ್ನು ಜೇಬಿನಲ್ಲೇ ಬಿಟ್ಟು, ಬರಿಗೈ ಹೊರಗೆ ತೆಗೆದೆ.